ವಿಸಿಟಿಂಗ್ ಕಾರ್ಡಿನಷ್ಟು ಗ್ಯಾಪು

ಮಗಳನ್ನು ಹಾಸ್ಟೆಲಿಗೆ ಬಿಟ್ಟು ಬರಬೇಕಾದ ದಿನ. ಹಿಂದಿನ ರಾತ್ರಿಯೇ ಕಾರಿನ ಡಿಕ್ಕಿಗೂ ಹಿಂದಿನ ಸೀಟಿಗೂ ಅವಳ ಸಾಮಾನು ತುಂಬಿಸಿಟ್ಟಿದ್ದೆ. ಬೆಳಿಗ್ಗೆ ಆರಕ್ಕೆ ಕೂತು, ಬ್ರೇಕ್ ತುಳಿದು, ಬಟನ್ ಒತ್ತಿದೆ. ಪರದೆ ಬೆಳಗಿತು, ಫ್ಯಾನ್ ತಿರುಗಿತು, ಎಂಜಿನ್ ಮಾತ್ರ ಉಸಿರೆತ್ತಲಿಲ್ಲ. ‘ಬ್ರೇಕ್ ಪೆಡಲ್ ಒತ್ತಿ’ ಎಂದು ಪರದೆಯ ಮೇಲೆ ಅಕ್ಷರ ಮೂಡಿತು. ನನ್ನ ಕಾಲು ಪೆಡಲಿನ ಮೇಲೆಯೇ ಇತ್ತು. ತೆಗೆದು ಮತ್ತೆ ಒತ್ತಿದೆ. ಇನ್ನಷ್ಟು ಬಲವಾಗಿ ಒತ್ತಿದೆ. ಅದೇ ಅಕ್ಷರ. ಗೇರ್ ಲಿವರ್ ‘ಪಿ’ಯಿಂದ ಕದಲಲಿಲ್ಲ. ತಳ್ಳಿ ನೋಡೋಣವೆಂದರೆ ಈ ಆಟೊಮ್ಯಾಟಿಕ್ ಗಾಡಿಗೆ ಆ ದಾರಿಯೇ ಇಲ್ಲ.

ಬಾನೆಟ್ ಎತ್ತಿದೆ. ಕಂಡದ್ದು ಕಪ್ಪು ಪ್ಲಾಸ್ಟಿಕ್ಕಿನ ಒಂದು ಹೊದಿಕೆ. ಅದರ ಅಡಿಯಲ್ಲಿ ಎಲ್ಲ ಸರಿಯಾಗಿದೆ ಎಂಬುದು ನನಗೆ ಗೊತ್ತಿತ್ತು. ಬ್ಯಾಟರಿ ಚೆನ್ನಾಗಿತ್ತು, ಟ್ಯಾಂಕ್ ತುಂಬಿತ್ತು. ಆದರೂ ನನ್ನ ಕೈಯಲ್ಲಿ ಮಾಡುವಂಥದ್ದು ಏನೂ ಇರಲಿಲ್ಲ. ಸರ್ವಿಸಿನವರಿಗೆ ಫೋನ್ ಮಾಡಿದರೆ ಮಧ್ಯಾಹ್ನದ ಮೇಲೆ ಬಂದು ಗಾಡಿಯನ್ನು ಎತ್ತಿಕೊಂಡು ಹೋಗುತ್ತೇವೆ ಎಂದರು. ಹಾಸ್ಟೆಲಿನ ಕೋಣೆಯ ಕೀಲಿ ಕೈ ಕೊಡುವುದು ಸಂಜೆ ಐದರವರೆಗೆ ಮಾತ್ರ. ದಾರಿ ನೂರ ಮೂವತ್ತು ಕಿಲೋಮೀಟರ್.

ಮಗಳು ಶೆಡ್ಡಿನ ಕಡೆ ನೋಡಿದಳು. ನಾನೂ ನೋಡಿದೆ.

ಶೆಡ್ಡಿನಲ್ಲಿದ್ದದ್ದು ಅಪ್ಪನ ಪಿಕಪ್. 1976ರದ್ದು, ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್, ಒಂದೇ ಉದ್ದನೆಯ ಸೀಟು. ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಒಂದು ಸುತ್ತು ಹೋಗಿ ಬರುವ ಅಭ್ಯಾಸ ಇಟ್ಟುಕೊಂಡಿದ್ದೆ. ಈಚೆಗೆ ಅದು ತಪ್ಪಿ ಎರಡು ತಿಂಗಳಾಗಿತ್ತು. ಕೀಲಿ ತಿರುಗಿಸಿದರೆ ಸೆಲ್ಫ್ ಒಂದು ಸಲ ‘ಗುರ್’ ಎಂದು ಸುಮ್ಮನಾಯಿತು. ಬ್ಯಾಟರಿ ಇಳಿದುಹೋಗಿತ್ತು.

ಇದಕ್ಕೆ ನನಗೆ ಗಾಬರಿಯಾಗಲಿಲ್ಲ ಎಂಬುದನ್ನು ಹೇಳಬೇಕು. ಅರ್ಧ ಗಂಟೆಯ ಹಿಂದೆ ಹೊಸ ಕಾರಿನ ಮುಂದೆ ಕೈಕಟ್ಟಿ ನಿಂತಿದ್ದವನಿಗೆ ಈಗ ಮೈಯಲ್ಲಿ ಉತ್ಸಾಹ ಬಂದಿತ್ತು. ಎಂಜಿನ್ ಪಕ್ಕದಲ್ಲಿರುವ ಪೆಟ್ರೋಲ್ ಪಂಪಿನ ಪುಟ್ಟ ಲಿವರನ್ನು ಬೆರಳಿನಲ್ಲಿ ಹದಿನೈದು ಇಪ್ಪತ್ತು ಸಲ ಒತ್ತಿದೆ. ಒತ್ತುತ್ತಾ ಒತ್ತುತ್ತಾ ಅದು ಬಿಗಿಯಾಗುತ್ತದೆ. ಬಿಗಿಯಾದರೆ ಕಾರ್ಬ್ಯುರೇಟರಿನ ಬಟ್ಟಲು ತುಂಬಿತು ಎಂದು ಅರ್ಥ. ಚೋಕ್ ಪೂರ್ತಿ ಎಳೆದೆ. ಸೀಟಿನ ಹಿಂದಿನಿಂದ, ಎಂಜಿನ್ನನ್ನು ಕೈಯಲ್ಲಿ ತಿರುಗಿಸಿ ಸ್ಟಾರ್ಟ್ ಮಾಡುವ ಹ್ಯಾಂಡಲ್ ತೆಗೆದು ಬಂಪರಿನ ತೂತಿನೊಳಗೆ ತೂರಿಸಿದೆ.

ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳನ್ನು ಉಳಿದ ನಾಲ್ಕು ಬೆರಳುಗಳ ಪಕ್ಕದಲ್ಲೇ ಇಡಬೇಕು, ಸುತ್ತಿ ಹಿಡಿಯಬಾರದು. ಎಂಜಿನ್ ತಿರುಗಿ ಒದ್ದರೆ ಹ್ಯಾಂಡಲ್ ಕೈಯಿಂದ ಜಾರಿಹೋಗಬೇಕು. ಹೆಬ್ಬೆರಳು ಸುತ್ತಿದ್ದರೆ ಮೂಳೆ ಮುರಿಯುತ್ತದೆ. ನನಗೆ ಹನ್ನೆರಡು ವರ್ಷವಿದ್ದಾಗ ಅಪ್ಪ ನನ್ನ ಹೆಬ್ಬೆರಳನ್ನು ತಾವೇ ಹಿಡಿದು ಸರಿಯಾದ ಜಾಗಕ್ಕೆ ಸರಿಸಿ ಇದನ್ನು ಹೇಳಿಕೊಟ್ಟಿದ್ದರು. ಕೈ ಮುರಿಯುವ ಈ ಕಾಟವನ್ನು ತಪ್ಪಿಸಿದವರು ಚಾರ್ಲ್ಸ್ ಕೆಟರಿಂಗ್. ಅವರ ಎಲೆಕ್ಟ್ರಿಕ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂತು. ಪೆಟ್ರೋಲಿಗೆ ಕಿಡಿ ಹೊತ್ತಿಸುವ, ಬ್ಯಾಟರಿ, ಕಾಯಿಲ್, ಪಾಯಿಂಟ್ ಸೇರಿದ ಇಗ್ನಿಷನ್ ವ್ಯವಸ್ಥೆ ಕಾರುಗಳಲ್ಲಿ ನೆಲೆಯೂರುವಂತೆ ಮಾಡಿದವರೂ ಅವರೇ. 1970ರ ದಶಕದಲ್ಲಿ ಎಲೆಕ್ಟ್ರಾನಿಕ್ ಇಗ್ನಿಷನ್ ಬರುವವರೆಗೆ, ಅಂದರೆ ಸುಮಾರು ಅರವತ್ತು ವರ್ಷ, ಪೆಟ್ರೋಲ್ ಗಾಡಿಗಳು ಬಹುಪಾಲು ಅದೇ ಉಪಾಯದ ಮೇಲೆ ಓಡಿದವು. ಆ ಪಾಯಿಂಟಿನ ಮಾತು ಮುಂದೆ ಬರುತ್ತದೆ.

ಮೂರನೆಯ ಸಲಕ್ಕೆ ಎಂಜಿನ್ ಹತ್ತಿಕೊಂಡಿತು. ಹಸಿ ಪೆಟ್ರೋಲಿನ ವಾಸನೆ ಶೆಡ್ಡಿನ ತುಂಬ ಹರಡಿತು. ಮಗಳು ಮೂಗು ಮುಚ್ಚಿಕೊಂಡರೂ ನಗುತ್ತಿದ್ದಳು. ಸಾಮಾನೆಲ್ಲ ಹಿಂದಕ್ಕೆ ಹಾಕಿ, ಟಾರ್ಪಾಲಿನ್ ಬಿಗಿದು ಹೊರಟೆವು.

ಅವಳು ಈ ಗಾಡಿಯಲ್ಲಿ ಇಷ್ಟು ದೂರ ಬಂದದ್ದು ಅದೇ ಮೊದಲು. ಕಾಲಿನ ಬಳಿ ನೆಲದಲ್ಲಿರುವ ಗುಂಡಿ ಏನೆಂದು ಕೇಳಿದಳು. ಹೆಡ್‌ಲೈಟನ್ನು ಡಿಮ್ ಡಿಪ್ ಮಾಡುವುದಕ್ಕೆ, ಎಡಗಾಲಿನಲ್ಲಿ ಒತ್ತಿದರಾಯಿತು ಎಂದೆ. ಬಾಗಿಲಿನ ಮುಂಭಾಗದ ತ್ರಿಕೋನದ ಪುಟ್ಟ ಗಾಜನ್ನು ಹೊರಕ್ಕೆ ತಿರುಗಿಸಿ ತೋರಿಸಿದೆ. ಗಾಳಿ ನೇರವಾಗಿ ಎದೆಗೆ ಬಂತು. ಈ ಗಾಜನ್ನು ಕಾರುಗಳಿಂದ ತೆಗೆದುಹಾಕಿದ್ದಕ್ಕೆ ನನಗೆ ಇಂದಿಗೂ ಬೇಸರವಿದೆ. ಮೋಟರ್ ಇಲ್ಲ, ಸದ್ದಿಲ್ಲ, ಎರಡು ಬೆರಳು ಸಾಕು. ವೈಪರ್, ಲೈಟ್, ಚೋಕ್ ಮೂರಕ್ಕೂ ಮೂರು ಗುಬುಟುಗಳು. ಕತ್ತಲಲ್ಲೂ ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ. ಹೊಸ ಕಾರಿನಲ್ಲಿ ಗಾಳಿಯ ದಿಕ್ಕು ಬದಲಿಸಲು ರಸ್ತೆಯಿಂದ ಕಣ್ಣು ತೆಗೆದು ಪರದೆಯೊಳಗೆ ಎರಡು ಪುಟ ದಾಟಬೇಕು. ಕಾರುಗಳ ಸುರಕ್ಷತೆಯನ್ನು ಅಳೆಯುವ ಯೂರೋ ಎನ್‌ಕ್ಯಾಪ್ ಸಂಸ್ಥೆ 2026ರಿಂದ ಇಂಡಿಕೇಟರ್, ಹಾರ್ನ್, ವೈಪರ್‌ಗಳಂಥ ಕೆಲಸಗಳಿಗೆ ಕೈಗೆ ಸಿಗುವ ಗುಂಡಿ ಅಥವಾ ಲಿವರ್ ಇರುವ ಕಾರುಗಳಿಗೇ ಪೂರ್ತಿ ಅಂಕ ಎಂದು ನಿಯಮ ಮಾಡಿದೆ. ಓದಿ ಸಂತೋಷವಾಗಿತ್ತು.

ಅಷ್ಟರಲ್ಲಿ ಅವಳು ಬೆಲ್ಟ್ ಹುಡುಕಿದಳು. ಇದ್ದದ್ದು ಸೊಂಟಕ್ಕೆ ಬಿಗಿಯುವ ಪಟ್ಟಿ ಮಾತ್ರ. ಅವಳು ಅದನ್ನು ಹಾಕಿಕೊಳ್ಳುವುದನ್ನು ನೋಡುತ್ತಿದ್ದಂತೆ ನನ್ನ ಕಾಲು ಆಕ್ಸಿಲರೇಟರಿನಿಂದ ತಾನಾಗಿ ಸಡಿಲವಾಯಿತು. ಹೆಗಲಿಗೂ ಸೊಂಟಕ್ಕೂ ಸೇರಿ ಮೂರು ಕಡೆ ಹಿಡಿಯುವ ಬೆಲ್ಟನ್ನು ವೋಲ್ವೋ ಕಂಪನಿಯ ಎಂಜಿನಿಯರ್ ನೀಲ್ಸ್ ಬೋಲಿನ್ ರೂಪಿಸಿದ್ದು. 1959ರಲ್ಲೇ ಅದು ಕಾರುಗಳಲ್ಲಿ ಬಂದಿತ್ತು. ಅಪ್ಪನ ಪಿಕಪ್ಪಿಗೆ ಅದು ತಲುಪಿಯೇ ಇರಲಿಲ್ಲ. 2009ರಲ್ಲಿ ಅಮೆರಿಕದಲ್ಲಿ 1959ರ ಶೆವ್ರೊಲೆ ಬೆಲ್ ಏರ್ ಕಾರನ್ನೂ 2009ರ ಶೆವ್ರೊಲೆ ಮಾಲಿಬು ಕಾರನ್ನೂ ಗಂಟೆಗೆ ಸುಮಾರು 64 ಕಿಲೋಮೀಟರ್ ವೇಗದಲ್ಲಿ ಎದುರುಬದುರು ಗುದ್ದಿಸಿ ಪರೀಕ್ಷಿಸಿದ್ದರು. ಆ ವಿಡಿಯೊವನ್ನು ನಾನು ಒಂದಲ್ಲ, ಹಲವು ಸಲ ನೋಡಿದ್ದೇನೆ. ಗಟ್ಟಿ ತಗಡಿನ ಗಾಡಿ, ಹಳೆಯದಾದರೂ ಉಕ್ಕು ಉಕ್ಕೇ ಎಂದು ನಾವು ಹೇಳುತ್ತೇವಲ್ಲ, ಆ ಹಳೆಯ ಕಾರಿನ ಕ್ಯಾಬಿನ್, ಚಾಲಕನ ಜಾಗದಲ್ಲಿ ಕೂರಿಸಿದ ಬೊಂಬೆಯ ಮೇಲೆಯೇ ಕುಸಿಯುತ್ತದೆ. ಹೊಸ ಕಾರಿನ ಮೂತಿ ನುಜ್ಜುಗುಜ್ಜಾಗುತ್ತದೆ, ಬೊಂಬೆ ಇರುವ ಜಾಗ ಹಾಗೆಯೇ ಉಳಿಯುತ್ತದೆ. ಹಳೆಯದರ ಮೇಲಿನ ಪ್ರೀತಿಯಲ್ಲಿ ಇದನ್ನು ಮರೆಯುವ ಹಕ್ಕು ನನಗಿಲ್ಲ, ಅದೂ ಮಗಳು ಪಕ್ಕದಲ್ಲಿ ಕೂತಿರುವಾಗ. ಅಂದು ಐವತ್ತು ಕಿಲೋಮೀಟರಿನ ವೇಗವನ್ನು ನಾನು ದಾಟಲಿಲ್ಲ.

ಅರ್ಧ ದಾರಿ ಕಳೆದು ಏರು ರಸ್ತೆ ಸಿಕ್ಕಿತು. ಮೂರನೇ ಗೇರಿನಲ್ಲಿ ಎಂಜಿನ್ ಮಿಸ್ ಹೊಡೆಯತೊಡಗಿತು. ಎರಡಕ್ಕೆ ಇಳಿಸಿದೆ. ಕೆಮ್ಮಿತು, ಸೈಲೆನ್ಸರಿನಲ್ಲಿ ಒಂದು ಸಿಡಿ ಸಿಡಿಯಿತು, ನಿಂತುಹೋಯಿತು. ಗಾಡಿಯನ್ನು ಪಕ್ಕಕ್ಕೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟೆವು.

ನಿಂತ ರೀತಿಯಲ್ಲೇ ಅದು ಅರ್ಧ ಕಥೆ ಹೇಳಿತ್ತು. ಪೆಟ್ರೋಲ್ ಸಾಲದೆ ನಿಲ್ಲುವ ಎಂಜಿನ್ ದಮ್ಮು ಕಳೆದುಕೊಂಡು ಮೆಲ್ಲಗೆ ಸೋಲುತ್ತದೆ. ಕರೆಂಟ್ ಸರಿಯಾಗಿ ಬಾರದೆ ನಿಲ್ಲುವುದು ಹೀಗೆ, ಕೆಮ್ಮಿ, ಸಿಡಿದು. ಪ್ಲಗ್ಗುಗಳಿಗೆ ಸರದಿಯಂತೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ನಡುವಿನ ದಪ್ಪ ವಯರನ್ನು ಕಿತ್ತು, ಒಣಬಟ್ಟೆ ಸುತ್ತಿ, ಅದರ ತುದಿಯನ್ನು ಎಂಜಿನ್ನಿನ ಕಬ್ಬಿಣಕ್ಕೆ ಐದಾರು ಮಿಲಿಮೀಟರ್ ದೂರದಲ್ಲಿ ಹಿಡಿದೆ. ಮಗಳಿಗೆ ಸೆಲ್ಫ್ ಹೊಡೆಯಲು ಹೇಳಿದೆ. ದಾರಿಯಲ್ಲಿ ಬ್ಯಾಟರಿ ಚಾರ್ಜಾಗಿತ್ತು. ಕಿಡಿ ಬಂತು, ಆದರೆ ತೆಳ್ಳಗೆ, ಹಳದಿ ಬಣ್ಣದಲ್ಲಿ. ಆರೋಗ್ಯವಂತ ಕಿಡಿ ದಪ್ಪಗೆ, ನೀಲಿಯಾಗಿ, ‘ಟಕ್’ ಎಂದು ಸದ್ದು ಮಾಡುತ್ತಾ ಹಾರಬೇಕು.

ಎರಡು ಕ್ಲಿಪ್ಪು ಬಿಚ್ಚಿ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದೆ. ಒಳಗೆ ಪಾಯಿಂಟ್. ಕಾಳು ಮೆಣಸಿಗಿಂತ ಸಣ್ಣ ಎರಡು ಲೋಹದ ಬಿಲ್ಲೆಗಳು ಒಂದಕ್ಕೊಂದು ಮುಖ ಮಾಡಿ ಕೂತಿರುತ್ತವೆ. ನಡುವಿನ ಕ್ಯಾಮ್ ಚೌಕಾಕಾರದ್ದು, ನಾಲ್ಕು ಸಿಲಿಂಡರಿಗೆ ನಾಲ್ಕು ಮೂಲೆ. ಒಂದೊಂದು ಮೂಲೆ ಬಂದು ತಳ್ಳಿದಾಗಲೂ ಬಿಲ್ಲೆಗಳು ಬೇರೆಯಾಗುತ್ತವೆ, ಕಾಯಿಲ್‌ನಲ್ಲಿ ಕರೆಂಟ್ ಕಡಿಯುತ್ತದೆ, ಆ ಕ್ಷಣಕ್ಕೆ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಮಗಳು ಬಗ್ಗಿ ನೋಡಿದಳು. ‘ಇಷ್ಟೇನಾ?’ ಎಂದಳು. ಇಷ್ಟೇ. ಎರಡು ತಿಂಗಳು ನಿಂತದ್ದಕ್ಕೆ ಬಿಲ್ಲೆಗಳ ಮುಖ ಬೂದು ಬಣ್ಣಕ್ಕೆ ತಿರುಗಿತ್ತು. ಕ್ಯಾಮ್ ಮೇಲೆ ಗ್ರೀಸ್ ಒಣಗಿ, ಅದಕ್ಕೆ ಉಜ್ಜುವ ಫೈಬರ್ ತುಂಡು ಸವೆದು, ನಡುವಿನ ಗ್ಯಾಪು ಹೆಚ್ಚುಕಡಿಮೆ ಮುಚ್ಚಿಹೋಗಿತ್ತು. ಗ್ರೀಸ್ ಹಚ್ಚದೆ ಬಿಟ್ಟ ತಪ್ಪು ನನ್ನದು.

ಬಿಲ್ಲೆ ಉಜ್ಜುವ ಫೈಲ್ ಇರಲಿಲ್ಲ, ಗ್ಯಾಪು ಅಳೆಯುವ ಫೀಲರ್ ಗೇಜ್ ಶೆಡ್ಡಿನಲ್ಲೇ ಉಳಿದಿತ್ತು. ಮಗಳು ತನ್ನ ಬ್ಯಾಗಿನಿಂದ ಉಗುರು ತೀಡುವ ಕಡ್ಡಿ ತೆಗೆದುಕೊಟ್ಟಳು. ಅದನ್ನು ಬಿಲ್ಲೆಗಳ ನಡುವೆ ತೂರಿಸಿ ಮೆಲ್ಲಗೆ ಎಳೆದೆ. ಬೂದು ಹೋಗಿ ಬಿಳಿ ಹೊಳಪು ಬಂತು. ಹುಡಿ ಉಳಿಯದಂತೆ ಒಂದು ಕಾಗದದ ಚೂರಿನಿಂದ ಒರೆಸಿದೆ. ಜಾಕಿನ ಮೇಲಿನ ಗ್ರೀಸನ್ನು ಬೆರಳ ತುದಿಯಷ್ಟು ತೆಗೆದು ಕ್ಯಾಮಿಗೆ ಸವರಿದೆ.

ಇನ್ನು ಗ್ಯಾಪು. ಈ ಎಂಜಿನ್ನಿಗೆ ಅದು 0.40 ಮಿಲಿಮೀಟರ್ ಇರಬೇಕು. ಗೇಜ್ ಇಲ್ಲದಾಗ ಅಪ್ಪ ವಿಸಿಟಿಂಗ್ ಕಾರ್ಡಿನ ತುಂಡನ್ನು ಇಡುತ್ತಿದ್ದರು. ನನ್ನ ಪರ್ಸಿನಲ್ಲಿ ಒಂದು ಕಾರ್ಡಿತ್ತು. ಆದರೆ ಹತ್ತಿರದ ಸಣ್ಣದು ಈಗ ನನ್ನ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಆದ್ದರಿಂದ ಕೆಲಸ ಅದಲುಬದಲಾಯಿತು. ಇಗ್ನಿಷನ್ ಆಫ್ ಮಾಡಿ, ಗೇರನ್ನು ನ್ಯೂಟ್ರಲಿಗೆ ಹಾಕಿ, ನಾನು ಮುಂದೆ ಕೂತು ಹ್ಯಾಂಡಲನ್ನು ಅಂಗುಲ ಅಂಗುಲವಾಗಿ ತಿರುಗಿಸಿದೆ. ಅವಳು ಬಾನೆಟ್ಟಿನೊಳಗೆ ತಲೆ ಹಾಕಿ ನಿಂತಳು.

‘ತೆರೆಯುತ್ತಿದೆ… ಇನ್ನೂ ತೆರೆಯುತ್ತಿದೆ… ನಿಲ್ಲಿಸಿ ಅಪ್ಪಾ, ಈಗ ಪೂರ್ತಿ ತೆರೆಯಿತು.’

ಕಾರ್ಡನ್ನು ನಡುವೆ ಇಟ್ಟು ಸ್ಕ್ರೂ ಬಿಗಿ ಮಾಡು, ಬಿಗಿಯಾದ ಮೇಲೆ ಎಳೆದು ನೋಡು ಎಂದೆ. ಕಾರ್ಡು ಹರಿಯಲೂಬಾರದು, ಸಲೀಸಾಗಿ ಬರಲೂಬಾರದು. ಬೆರಳಿಗೆ ಒಂದಿಷ್ಟು ಹಿಡಿತ ತಿಳಿಯಬೇಕು. ಮೊದಲ ಸಲ ಸ್ಕ್ರೂ ಬಿಗಿಯುವಾಗ ಪಾಯಿಂಟ್ ಜರುಗಿತು. ಅದು ಎಲ್ಲರಿಗೂ ಆಗುತ್ತದೆ, ಬಿಚ್ಚಿ ಮತ್ತೆ ಮಾಡು ಎಂದೆ. ಎರಡನೆಯ ಸಲವೂ ಜರುಗಿತು. ಮೂರನೆಯ ಸಲಕ್ಕೆ ಅವಳು ಒಂದು ಕೈಯಲ್ಲಿ ಪಾಯಿಂಟನ್ನು ಅದುಮಿ ಹಿಡಿದು, ತುಟಿ ಕಚ್ಚಿಕೊಂಡು, ಸ್ಕ್ರೂವನ್ನು ತುಸುವೇ ತುಸು ತಿರುಗಿಸಿದಳು. ಕಾರ್ಡನ್ನು ಎಳೆದು ನೋಡಿ ಸರಿಯಾಯಿತೆಂದು ತಲೆಯಾಡಿಸಿದಳು. ಅವಳ ಮೊಣಕೈವರೆಗೆ ಮಸಿ.

ಮುಚ್ಚಳ ಹಾಕಿದೆವು. ಅವಳೇ ಕೀಲಿ ತಿರುಗಿಸಿದಳು. ಎಂಜಿನ್ ಅರ್ಧ ಸುತ್ತಿಗೇ ಹತ್ತಿಕೊಂಡು, ಒಂದೂ ಮಿಸ್ ಇಲ್ಲದೆ, ನಾಲ್ಕೂ ಸಿಲಿಂಡರಿನಲ್ಲಿ ಸಮನಾಗಿ ಮಾತಾಡಿತು. ಮೂರೂವರೆಗೆ ಹಾಸ್ಟೆಲ್ ತಲುಪಿದೆವು.

ಮೂರು ದಿನ ಬಿಟ್ಟು ಹೊಸ ಕಾರು ಮನೆಗೆ ಬಂತು. ಕೆಟ್ಟದ್ದು ಏನೆಂದು ಕೇಳಿದೆ. ಬ್ರೇಕ್ ಪೆಡಲಿನ ಮೇಲಿರುವ ಸ್ವಿಚ್ ಎಂದರು. ಹಿಂದಿನ ಕೆಂಪು ದೀಪ ಹತ್ತಿಸುವ, ಹೆಬ್ಬೆರಳಿನಷ್ಟು ಗಾತ್ರದ ಸ್ವಿಚ್. ಅದು ಸತ್ತದ್ದರಿಂದ ನಾನು ಬ್ರೇಕ್ ತುಳಿದದ್ದು ಕಂಪ್ಯೂಟರಿಗೆ ತಿಳಿಯಲಿಲ್ಲ; ತಿಳಿಯದ್ದರಿಂದ ಸ್ಟಾರ್ಟ್ ಮಾಡಲಿಲ್ಲ, ಗೇರನ್ನೂ ಬಿಡಲಿಲ್ಲ. ಅದೇ ಕೆಲಸದ ಸ್ವಿಚ್ ಅಪ್ಪನ ಪಿಕಪ್ಪಿನಲ್ಲೂ ಇದೆ, ಎರಡು ಸಲ ಕೆಟ್ಟಿದೆ ಕೂಡ. ಆಗ ಬ್ರೇಕ್ ಲೈಟ್ ಹತ್ತಲಿಲ್ಲ, ಅಷ್ಟೇ. ಬ್ರೇಕ್ ತುಳಿಯದೆ ಗೇರಿಗೆ ಬಿದ್ದು ಮಗುವಿನ ಮೇಲೋ ಗೋಡೆಯ ಮೇಲೋ ಗಾಡಿ ನುಗ್ಗಬಾರದು ಎಂದು ಮಾಡಿದ ಏರ್ಪಾಡು ಅದು, ಒಪ್ಪುತ್ತೇನೆ. ಏರ್ಬ್ಯಾಗ್ ಬೇಕು, ಎಬಿಎಸ್ ಬೇಕು, ಹೊಗೆ ತೊಳೆಯುವ ಕ್ಯಾಟಲಿಟಿಕ್ ಕನ್ವರ್ಟರ್ ಬೇಕು. ಪಿಕಪ್ಪಿನ ಹಿಂದೆ ನಿಂತು ಒಮ್ಮೆ ಉಸಿರೆಳೆದುಕೊಂಡವರು ಆ ಕೊನೆಯದನ್ನು ಬೇಡವೆನ್ನಲಾರರು. ನನ್ನ ನೋವು ಬೇರೆ. ‘ಪೆಡಲ್ ಒತ್ತಿ’ ಎಂದು ಬರೆಯಬಲ್ಲ ಪರದೆಗೆ ‘ಪೆಡಲಿನ ಸ್ವಿಚ್ ನೋಡಿ’ ಎಂದು ಬರೆಯಲು ಆಗದೇ? ಇಷ್ಟು ತಿಳಿದ ಯಂತ್ರ ತನ್ನನ್ನು ಸಾಕುವವನಿಗೆ ಅಷ್ಟನ್ನೂ ಹೇಳುವುದಿಲ್ಲ. ಆ ಒಂದು ಸಾಲು ಕಂಡಿದ್ದರೆ ನಾನು ಅಂದು ಪೆಡಲಿನ ಅಡಿಗೆ ಟಾರ್ಚ್ ಹಿಡಿದು ಮಲಗುತ್ತಿದ್ದೆ. ಮಗಳು ಮೂರು ಕಡೆ ಹಿಡಿಯುವ ಬೆಲ್ಟ್ ಹಾಕಿಕೊಂಡು ಹೋಗುತ್ತಿದ್ದಳು. ಗಾಡಿಯ ರೋಗದ ಮಾಹಿತಿ ಅದರ ಒಡೆಯನಿಗೂ ಹೊರಗಿನ ಮೆಕ್ಯಾನಿಕ್ಕಿಗೂ ಸಿಗಬೇಕು ಎಂದು ಅಮೆರಿಕದ ಮಸಾಚುಸೆಟ್ಸ್ ರಾಜ್ಯದ ಜನ 2012ರಲ್ಲಿ ಮತ ಹಾಕಿದರು. ಅವರು ಕೇಳಿದ್ದು ಹೆಚ್ಚೇನಲ್ಲ.

ಹಾಸ್ಟೆಲಿನಿಂದ ಹಿಂತಿರುಗಿದ ರಾತ್ರಿಯ ಮಾತನ್ನು ಹೇಳದೆ ಬಿಟ್ಟೆ. ಒಬ್ಬನೇ ಬಂದೆ, ಪಕ್ಕದ ಸೀಟಿನಲ್ಲಿ ಅವಳು ಮರೆತುಹೋದ ಉಗುರಿನ ಕಡ್ಡಿ ಇತ್ತು, ಮಸಿ ಹಿಡಿದದ್ದು. ಪಿಕಪ್ಪನ್ನು ಶೆಡ್ಡಿಗೆ ಹಾಕಿದ ಮೇಲೆ ಬಲ್ಬ್ ಹಚ್ಚಿ, ಕನ್ನಡಕ ಹಾಕಿಕೊಂಡು, ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ಫೀಲರ್ ಗೇಜ್ ಇಟ್ಟು ನೋಡಿದೆ. 0.40ರ ಎಲೆ ಒಳಗೆ ಹೋಗಲಿಲ್ಲ. 0.35ರದ್ದು ಹೋಯಿತು, ಬೆರಳಿಗೆ ಒಂದಿಷ್ಟು ಹಿಡಿತ ಕೊಡುತ್ತಾ. ಸ್ಕ್ರೂಡ್ರೈವರ್ ಕೈಯಲ್ಲೇ ಇತ್ತು. ಮುಚ್ಚಳ ಇಟ್ಟು ಎರಡೂ ಕ್ಲಿಪ್ಪುಗಳನ್ನು ಒತ್ತಿದೆ.