ಹುಳು ಮನೆಯಲ್ಲಿ ರೀಟೇಕ್ ಇಲ್ಲ

ಗಾಂಧಿನಗರದಲ್ಲಿ ಪ್ರೊಡಕ್ಷನ್ ಮ್ಯಾನೇಜರ್ ಆಗಿ ದುಡಿದವನು ನಾನು. ಈಗ ಚಿಕ್ಕಬಳ್ಳಾಪುರದ ಕಡೆಯ ಹುಡುಗ ಹುಡುಗಿಯರಿಗೆ ಕಿರುಚಿತ್ರ ಮಾಡುವುದನ್ನು ಹೇಳಿಕೊಡುತ್ತೇನೆ. ಬಂದವರೆಲ್ಲ ಮೊದಲು ಕೇಳುವುದು ಯಾವ ಕ್ಯಾಮೆರಾ, ಯಾವ ಲೆನ್ಸ್ ಅಂತ. ಬೇಟಾ, ಅಂದರೆ ದಿನದ ಭತ್ಯೆ ಎಷ್ಟು, ಊಟ ಎಷ್ಟು ಹೊತ್ತಿಗೆ, ಯಾರ ಮನೆ ಮುಂದೆ ಜನರೇಟರ್ ಇಡಬೇಕು, ಇದನ್ನು ಯಾರೂ ಕೇಳುವುದಿಲ್ಲ. ಸಿನಿಮಾ ನಿಲ್ಲುವುದು ಇದರ ಮೇಲೇ ಅಲ್ವಾ?

ಕಳೆದ ಬೇಸಿಗೆಯಲ್ಲಿ ಅವರ ಜೊತೆ ಶಿಡ್ಲಘಟ್ಟದ ಹತ್ತಿರ ರೇಷ್ಮೆ ಹುಳು ಸಾಕುವ ಒಂದು ಹುಳು ಮನೆಗೆ ಹೋದೆ. ರೇಷ್ಮೆ ಬೆಳೆಯುವ ತಾಯಿ ಮಗಳ ಕಥೆ, ಚೆನ್ನಾಗಿ ಬರೆದಿದ್ದರು. ಹಣ್ಣಾದ, ಅಂದರೆ ಗೂಡು ಕಟ್ಟಲು ಸಿದ್ಧವಾದ ಹುಳುಗಳನ್ನು ಚಂದ್ರಿಕೆಗೆ (ಅವು ಗೂಡು ಕಟ್ಟುವ ತಟ್ಟೆಗೆ) ಬಿಡುವ ಶಾಟ್ ಬೆಳಿಗ್ಗೆ 9ಕ್ಕೆ ಅಂತ ಆ ದಿನದ ಶೂಟಿಂಗ್ ಪಟ್ಟಿಯಾದ ಕಾಲ್‌ಶೀಟ್‌ನಲ್ಲಿತ್ತು. ದೊಡ್ಡ ಲೈಟುಗಳು, ಒಂದು ವ್ಯಾನ್ ತುಂಬ ಜನ.

ಮನೆಯಮ್ಮ ಬಾಗಿಲಲ್ಲೇ ನಿಲ್ಲಿಸಿದರು. ಚಪ್ಪಲಿ ಹೊರಗೆ ಬಿಡಬೇಕು, ಬ್ಲೀಚಿಂಗ್ ಪುಡಿ ತುಳಿದು ಬರಬೇಕು, ಕೈ ತೊಳೆಯಬೇಕು, ಸೆಂಟ್ ಹಾಕಿದವರು ಒಳಗೆ ಬರುವಂತೆಯೇ ಇಲ್ಲ. ರೋಗ ತಗುಲಿದರೆ ಇಡೀ ಬೆಳೆ ಹೋಗುತ್ತದೆ.

"9 ಗಂಟೆ ಅಂತ ನೀವು ಬರ್ಕೊಂಡ್ರೆ ಹುಳ ಕೇಳ್ತದಾ ಸ್ವಾಮಿ? ಹಣ್ಣಾದಾಗ ಬಿಡೋದು."

ಕ್ಯಾಮೆರಾ ಬ್ಯಾಗಿಗೆ ಹಾಕಿ, ಮೊದಲು ಇವರ ಮಾತು ಕೇಳಿ ಅಂದೆ. ಅಂಗಳದಲ್ಲಿ ಕೂತು ಅವರೇ ಎಲ್ಲ ಹೇಳಿದರು. ನಾಲ್ಕನೇ ಜ್ವರ, ಅಂದರೆ ಪೊರೆ ಕಳಚುವ ನಿದ್ದೆ, ಮುಗಿಸಿ ಎದ್ದ ಮೇಲೆ ಹುಳು ಒಂದು ವಾರದಷ್ಟು ಹಗಲು ರಾತ್ರಿ ಸೊಪ್ಪು ತಿನ್ನುತ್ತದೆ, ಆಮೇಲೆ ತಿನ್ನುವುದು ಬಿಟ್ಟು ಮೈ ಹೊಳೆಯತೊಡಗಿ ತಲೆ ಎತ್ತುತ್ತದೆ, ಆಗ ಆರಿಸಿ ಚಂದ್ರಿಕೆಗೆ ಹಾಕದಿದ್ದರೆ ನೂಲು ಸುಮ್ನೆ ಸೊಪ್ಪಿನ ಮೇಲೆ ಹಾಳಾಗುತ್ತದೆ. ಮುಂದೆ ನೂಲು ತೆಗೆಯುವ ರೀಲರ್ ಕೈಗೆ ಹೋದ ಗೂಡಿಗೂ ಅಷ್ಟೇ ಅವಸರ. ಚಿಟ್ಟೆ ತೂತು ಮಾಡಿ ಹೊರಬಂದರೆ ಎಳೆ ತುಂಡಾಗುತ್ತದೆ. "ಇನ್ನೊಂದು ಟೇಕ್, ಸ್ವಲ್ಪ ತಡೀರಿ" ಅನ್ನಲು ಎಲ್ಲೂ ಜಾಗವಿಲ್ಲ. ಇಷ್ಟು ಚೆನ್ನಾಗಿ ಷೆಡ್ಯೂಲ್ ಪಾಠ ನಾನು ಬೋರ್ಡಿನ ಮೇಲೆ ಎಂದೂ ಮಾಡಿಲ್ಲ.

ಮಕ್ಕಳು ಅಲ್ಲೇ ಕಾಲ್‌ಶೀಟ್ ಹೊಸದಾಗಿ ಬರೆದರು. ಲೈಟು ವ್ಯಾನಿನಲ್ಲೇ ಉಳಿಯಿತು, ಕಿಟಕಿ ಬೆಳಕನ್ನು ಮುಖದತ್ತ ತಿರುಗಿಸಲು ಒಂದು ಥರ್ಮಾಕೋಲ್ ಹಿಡಿದರು. ಒಳಗೆ ಹೋಗುವವರು ನಾಲ್ಕೇ ಜನ. ಸೌಂಡ್ ನೋಡುವ ಹುಡುಗಿ ಇನ್ನೂ ಹಣ್ಣಾಗದ ಹುಳುಗಳ ಹತ್ತಿರ ಮೈಕ್ ಹಿಡಿದು ಕೂತಳು. ಸೊಪ್ಪು ತಿನ್ನುವ ಆ ಸದ್ದು ತಗಡಿನ ಮೇಲೆ ಬೀಳುವ ತುಂತುರು ಮಳೆಯಂತೆ ಕೇಳುತ್ತದೆ. ಅದನ್ನು ಆಮೇಲೆ ಸ್ಟುಡಿಯೋದಲ್ಲಿ ಹುಟ್ಟಿಸಲು ಆಗುವುದಿಲ್ಲ.

ಹುಳು ಹಣ್ಣಾದದ್ದು ಮಧ್ಯಾಹ್ನ. ಕೂಲಿಗೆ ಬಂದ ಹೆಂಗಸರು ಸರಸರ ಆರಿಸುತ್ತಿದ್ದರು, ಯಾರಿಗೂ ನಿಲ್ಲಿ ಅನ್ನಲಿಲ್ಲ. ನಟಿಸುವ ಹುಡುಗಿ ಅವರ ಜೊತೆಗೇ ಕೆಲಸಕ್ಕಿಳಿದಳು, ಕ್ಯಾಮೆರಾ ಅವಳ ಹಿಂದೆ ಹೋಯಿತು. ಒಂದೇ ಟೇಕ್. ಇನ್ನೊಬ್ಬರ ಬೆಳೆ ನಮ್ಮ ಸೆಟ್ ಅಲ್ಲ, ಇದರಲ್ಲಿ ನಾನು ಯಾವ ರಾಜಿಗೂ ಒಪ್ಪುವುದಿಲ್ಲ.

ಗೂಡು ಬಿಡಿಸುವ ದೃಶ್ಯಕ್ಕೆ ಡೇಟ್ ಯಾವಾಗ ಅಂತ ಮಕ್ಕಳು ನನ್ನನ್ನು ಕೇಳಲಿಲ್ಲ, ಮನೆಯಮ್ಮನನ್ನೇ ಕೇಳಿದರು. ಗೂಡು ಮಾರ್ಕೆಟ್ಟಿಗೆ ಹೋಗಬೇಕು, ಬೆಳಕು ಹರಿಯುವ ಮೊದಲೇ ಬನ್ನಿ ಅಂದರು. ಬಸ್ ಇರುವುದಿಲ್ಲವಲ್ಲ, ರಾತ್ರಿಯೇ ಬಂದು ಉಳಿಯುತ್ತೇವೆ ಅಂತ ಹೇಳಿ ಬಂದರು.