ಮೊದಲು ಶಾಖ, ಆಮೇಲೆ ಗಿಣ್ಣು

ಬೀದರ್ ಕಡೆಯ ಚಳಿ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ಡಿಸೆಂಬರ್‌ನಲ್ಲಿ ಬೆಳಗಿನ ಜಾವ 10 ಡಿಗ್ರಿಗಿಂತ ಕೆಳಗಿಳಿಯುವ ದಿನಗಳೂ ಇರುತ್ತವೆ. ನಮ್ಮ ಫಾರ್ಮ್‌ನ ಉಸ್ಮಾನಾಬಾದಿ ತಳಿಯ ಆಡುಗಳು ಸಾಲುಹಿಡಿದು ಈಯುವುದೂ ಆಗಲೇ. ನಾನು ಅಲ್ಲಿ ಶೆಡ್ ಸೂಪರ್‌ವೈಸರ್. ಚಳಿ ಹಿಡಿದ ಮರಿಗೆ ಮೊದಲು ಶಾಖವೋ ಗಿಣ್ಣೋ ಎಂದು ಕಳೆದ ಸೀಜನ್‌ನ ಒಂದು ರಾತ್ರಿ ಎದ್ದ ವಾದ ಹೊಸ ಹುಡುಗರು ಬಂದಾಗಲೆಲ್ಲ ಮತ್ತೆ ಏಳುತ್ತದೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಅವತ್ತು 4 ಗಂಟೆ ರೌಂಡಿಗೆ ಹೋದಾಗ ಮೂಲೆಯ ಪೆನ್‌ನಲ್ಲಿ (ಆಡು ಕೂಡುವ ಕಟ್ಟೆಯಲ್ಲಿ) ಒಂದು ಆಡು ಅವಳಿ ಹಾಕಿತ್ತು. ಮೊದಲನೆಯ ಮರಿ ಎದ್ದು ಕೆಚ್ಚಲು ಹುಡುಕುತ್ತಿತ್ತು. ಎರಡನೆಯದು ಪ್ಲಾಸ್ಟಿಕ್ ಸ್ಲ್ಯಾಟ್ (ಸಂದುಗಳಿರುವ ನೆಲಹಾಸು) ಮೇಲೆ ಕುತ್ತಿಗೆ ಚಾಚಿ ಬಿದ್ದಿತ್ತು. ಮೈಮೇಲಿನ ಲೋಳೆ ಹಾಗೇ ಇದೆ, ಕಿವಿ ತಣ್ಣಗಿದೆ. ಬಾಯೊಳಗೆ ಬೆರಳಿಟ್ಟೆ. ಅಲ್ಲೂ ತಣ್ಣಗೆ, ಚೀಪಲೇ ಇಲ್ಲ. ನಡುಕವೂ ಇರಲಿಲ್ಲ. ನಡುಗುವ ಮರಿಗಿಂತ ನಡುಕ ನಿಂತ ಮರಿಯ ಸ್ಥಿತಿ ಕೆಟ್ಟದ್ದು.

ರಾತ್ರಿ ಪಾಳಿಯ ಕಾಕಾ ಅಷ್ಟರಲ್ಲಿ ಗಿಣ್ಣು ಹಿಂಡಿಕೊಂಡು ಬಾಟಲಿ ಹಿಡಿದು ಬಂದರು.

“ಯವ್ವಾ, ಬಾಯಾಗ ಎರಡ ಗುಟುಕ ಬಿಡ್ತೀನಿ, ಜೀವ ಬರ್ತದ.”

“ಬ್ಯಾಡ ಕಾಕಾ, ಅದು ತಲೀನೇ ಎತ್ತವಲ್ದು.”

“ಹಾಲಿಲ್ದ ಹ್ಯಾಂಗ ಬದುಕ್ತದ?”

ಕಾಕಾ ಆಡಿನ ನಡುವೆಯೇ ಬೆಳೆದವರು. ಅವರ ಮಾತು ಸುಮ್ಮನೆ ಬಂದದ್ದಲ್ಲ. ಸ್ವಲ್ಪವೇ ಚಳಿ ಹಿಡಿದ, ಇನ್ನೂ ಚೀಪಬಲ್ಲ ಮರಿ ಬೆಚ್ಚಗಿನ ಗಿಣ್ಣಿಗೆ ಚೇತರಿಸಿಕೊಳ್ಳುವುದನ್ನು ಅವರು ಕಂಡಿದ್ದಾರೆ. ಆದರೆ ಈ ಮರಿಗೆ ನುಂಗುವ ಶಕ್ತಿಯೇ ಇರಲಿಲ್ಲ. ಬಾಯಿಗೆ ಬಿಟ್ಟ ಹಾಲು ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ. ಟ್ಯೂಬ್ ಹಾಕಿ ಹೊಟ್ಟೆಗೆ ತುಂಬಿದರೂ ತಣ್ಣಗಾದ ಕರುಳು ಅದನ್ನು ಅರಗಿಸುವುದಿಲ್ಲ. ಥರ್ಮಾಮೀಟರ್ 95 ಫ್ಯಾರನ್‌ಹೀಟ್ ತೋರಿಸಿತು. ಇರಬೇಕಾದದ್ದು 102ರ ಆಸುಪಾಸು.

ಇನ್ನೊಂದು ಪ್ರಶ್ನೆ ಉಳಿದಿತ್ತು: ಮರಿ ಹುಟ್ಟಿ ಎಷ್ಟು ಹೊತ್ತಾಯಿತು? ಮರಿಗಳು ಮೈಯಲ್ಲಿ ಒಂದಿಷ್ಟು ಕಂದು ಕೊಬ್ಬು ಹೊತ್ತೇ ಹುಟ್ಟುತ್ತವೆ. ಮೊದಲ ನಾಲ್ಕೈದು ತಾಸು ಅದನ್ನು ಸುಟ್ಟುಕೊಂಡೇ ಬೆಚ್ಚಗಿರುತ್ತವೆ. ಅದು ತೀರಿದ ಮೇಲೆ ಬರೀ ಶಾಖ ಕೊಟ್ಟರೆ ರಕ್ತದ ಸಕ್ಕರೆ ಕುಸಿದು ಸೆಳೆತ ಬಂದು ಸಾಯುತ್ತದೆ. ಅಂಥದಕ್ಕೆ ಡಾಕ್ಟರು ಮೊದಲು ಹೊಟ್ಟೆಯ ಪೊರೆಯೊಳಗೆ ಸೂಜಿಯಿಂದ ಡೆಕ್ಸ್‌ಟ್ರೋಸ್ (ಸಕ್ಕರೆ ದ್ರಾವಣ) ಕೊಡಬೇಕು, ಶಾಖ ಆಮೇಲೆ. ಡಾಕ್ಟರಿಗೆ ಕಾಯುವುದೋ, ಈಗಲೇ ಬಿಸಿನೀರಿಗೆ ಇಳಿಸುವುದೋ? ರೌಂಡ್ ಬುಕ್ ತೆಗೆದೆ. 2 ಗಂಟೆಯ ಸಾಲಿನಲ್ಲಿ ಕಾಕಾನ ಅಕ್ಷರ: “ಮೂಲೆ ಪೆನ್, ಚಡಪಡಿಕೆ, ನೀರಚೀಲ ಇನ್ನೂ ಇಲ್ಲ.” ಅಂದರೆ ಎರಡು ತಾಸಿನ ಒಳಗಿನ ಮರಿ. ಇನ್ನು ಅನುಮಾನ ಬೇಕಿರಲಿಲ್ಲ.

ಹಳೇ ಗೋಣಿತಟ್ಟಿನಿಂದ ಗಸಗಸ ಒರೆಸಿದೆವು. ಪ್ಲಾಸ್ಟಿಕ್ ಚೀಲದಲ್ಲಿ ಕುತ್ತಿಗೆವರೆಗೆ ಇಳಿಸಿ, ತಲೆ ಹೊರಗೆ ಹಿಡಿದು ಟಬ್‌ನ ನೀರಿಗೆ ಬಿಟ್ಟೆವು. ನೀರು 105 ಫ್ಯಾರನ್‌ಹೀಟ್ ಇರಬೇಕು. ಕಾಕಾ ಚೊಂಬಿನಲ್ಲಿ ತಣ್ಣೀರು ತೆಗೆದು ಬಿಸಿ ಹೊಯ್ಯುತ್ತಲೇ ಇದ್ದರು. ನನ್ನ ಅಂಗೈಯಲ್ಲಿ ಆ ಗದ್ದ ಒದ್ದೆ ಚಿಂದಿಯಂತೆ ಜೋತುಬಿದ್ದಿತ್ತು. ಅಳೆದರೆ 96. ಮತ್ತೆ ಅಳೆದರೆ 97. ಅಲ್ಲೇ ನಿಂತುಬಿಟ್ಟಿತು. ಕಾಕಾ ನನ್ನ ಮುಖ ನೋಡಿದರು, ಬಾಟಲಿ ನೋಡಿದರು, ಏನೂ ಅನ್ನಲಿಲ್ಲ. ಆಮೇಲೆ ಬೆನ್ನು ನಡುಗತೊಡಗಿತು. 100 ದಾಟಿದ ಮೇಲೆ ಬೆರಳಿಟ್ಟರೆ ನಾಲಿಗೆ ಸುತ್ತಿಕೊಂಡಿತು. ಆಗ ಬಾಟಲಿ ಅವರ ಕೈಗೇ ಕೊಟ್ಟೆ.

ಗಿಣ್ಣನ್ನು ಒಲೆಯ ಮೇಲಿಡದೆ ಬಾಟಲಿಯನ್ನೇ ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿದ್ದೆವು. ಕಾಯಿಸಿದರೆ ಅದರ ರೋಗ ತಡೆಯುವ ಶಕ್ತಿ ಹೋಗುತ್ತದೆ. ಮೊದಲ ಊಟಕ್ಕೆ ಕಿಲೋ ತೂಕಕ್ಕೆ 50 ಎಂಎಲ್. 2 ಕಿಲೋ ಮರಿಗೆ 100. ಹೊಕ್ಕುಳಿಗೆ ಅಯೋಡಿನ್ ಹಚ್ಚಿ, ಒರೆಸಿದ ತಟ್ಟನ್ನೇ ತಾಯಿಯ ಮೂಗಿಗೆ ಹಿಡಿದೆವು. ಮೂಸಿ ನೆಕ್ಕತೊಡಗಿತು.

ಈಗ ಮ್ಯಾನೇಜ್‌ಮೆಂಟ್ ವಿಷಯ. ಆ ಸೀಜನ್‌ನಲ್ಲಿ ಅವರು ದುಡ್ಡು ಹಾಕಿದ್ದು 250 ವ್ಯಾಟ್ ಕೆಂಪು ಬಲ್ಬುಗಳಿಗೆ ಮತ್ತು ತಾಡಪಾಲಿಗೆ. ಕರೆಂಟ್ ಹೋದರೆ ಬಲ್ಬ್ ಇಲ್ಲ. ಇದ್ದಾಗ ಮರಿಗಳು ಅದರ ಕೆಳಗೆ ಒಂದರ ಮೇಲೊಂದು ಬಿದ್ದು ಅಡಿಯಲ್ಲಿದ್ದದ್ದು ಉಸಿರುಗಟ್ಟುತ್ತದೆ. ವೈರ್‌ನಲ್ಲಿ ನೇತುಹಾಕಿದ ಬಲ್ಬ್ ಕಳಚಿ ಬಿದ್ದರೆ ಶೆಡ್ಡೇ ಸುಡುತ್ತದೆ. ತಾಡಪಾಲನ್ನು ಸೂರಿನವರೆಗೆ ಬಿಗಿದರು. ಮೂತ್ರದ ಘಾಟು ಕಣ್ಣಿಗೆ ಹೊಡೆದು ಮರಿಗಳು ಕೆಮ್ಮತೊಡಗಿದವು. ಗಾಳಿ ತಡೆಯಬೇಕಾದದ್ದು ಮರಿಯ ಎತ್ತರದಲ್ಲಿ, ಸ್ಲ್ಯಾಟ್‌ನ ಅಡಿಯಿಂದ. ಸೂರಿನ ಕೆಳಗೆ ಸಂದು ಇರಲೇಬೇಕು. ಸ್ಲ್ಯಾಟ್ ಮೇಲೆ ತಟ್ಟು ಹಾಸಿ, ಕಬ್ಬಿನ ಒಣ ರವದಿ (ಸೋಗೆ) ದಪ್ಪಗೆ ಹರಡಿ, ಅದರ ಮೇಲೆ ಮಂಡಿಯೂರಿ ನೋಡಿ. ಮಂಡಿ ಒದ್ದೆಯಾದರೆ ಬದಲಿಸಿ.

ಇಷ್ಟೆಲ್ಲ ಖರ್ಚು ಮಾಡಿದವರು ಭತ್ಯೆ ಉಳಿಸಲೆಂದು 2 ಗಂಟೆ ರೌಂಡ್ ಕೈಬಿಡಲು ಹೊರಟಿದ್ದರು, ಈ ವರ್ಷವೂ ಅದೇ ಮಾತು ಎತ್ತಿದ್ದಾರೆ. ರೌಂಡ್ ಇಲ್ಲದಿದ್ದರೆ ಮರಿಯ ವಯಸ್ಸು ಯಾರಿಗೂ ಗೊತ್ತಾಗುವುದಿಲ್ಲ. ಅದು ಬೇಡವೆಂದರೆ ಹೋತವನ್ನಾದರೂ ತಡವಾಗಿ ಬಿಡಲಿ. ಆಷಾಢದಲ್ಲಿ ಬಿಟ್ಟರೆ ಐದು ತಿಂಗಳಿಗೆ ಮಾರ್ಗಶಿರದ ಚಳಿಗೇ ಮರಿ ಬೀಳುತ್ತವೆ. ಭಾದ್ರಪದಕ್ಕೆ ಬಿಟ್ಟರೆ ಮಾಘಕ್ಕೆ ಈಯುತ್ತವೆ. ಆ ಮರಿಗಳು ಮೇಯಲು ಕಲಿಯುವ ಹೊತ್ತಿಗೆ ಬೇಸಿಗೆ, ಹಸಿರು ಮೇವು ಕೊಳ್ಳಬೇಕಾಗುತ್ತದೆ, ಅದೂ ಖರ್ಚೇ. ಎರಡರ ಲೆಕ್ಕವನ್ನೂ ಬರೆದು ಕಳಿಸಿದ್ದೇನೆ, ಉತ್ತರ ಬಂದಿಲ್ಲ. ಅಲ್ಲಿಯವರೆಗೆ 2 ಗಂಟೆಗೆ ನಾನೂ ಕಾಕಾನೂ ಸರದಿಯಲ್ಲಿ ಏಳುತ್ತಿದ್ದೇವೆ.