ಮೊದಲು ಹೆಲ್ಸಿಂಕಿ, ಆಮೇಲೆ ಲ್ಯಾಪ್‌ಲ್ಯಾಂಡ್: ಎಂಟು ಜನರ ಚಳಿಗಾಲದ ಪ್ರವಾಸ

ಫಿನ್‌ಲ್ಯಾಂಡಿನ ಉತ್ತರ ಭಾಗವಾದ ಲ್ಯಾಪ್‌ಲ್ಯಾಂಡಿನ ಹಿಮ ನೋಡಬೇಕು ಅಂತ ಹೊರಟವರು ಬಹಳ ಸಲ ರಾಜಧಾನಿ ಹೆಲ್ಸಿಂಕಿಯಲ್ಲಿ ವಿಮಾನ ಬದಲಿಸಿ ನೇರ ಉತ್ತರಕ್ಕೆ ಹೋಗಿಬಿಡುತ್ತಾರೆ. ನಾವು ಎಂಟು ಜನ ಹಾಗೆ ಮಾಡಲಿಲ್ಲ. ಮೊದಲ ಮೂರು ದಿನ ಹೆಲ್ಸಿಂಕಿಯಲ್ಲೇ ಇದ್ದೆವು. ಆಮೇಲೆ ರಾತ್ರಿ ರೈಲು ಹಿಡಿದೆವು. ನಾವು ತೆಗೆದುಕೊಂಡ ತೀರ್ಮಾನಗಳಲ್ಲಿ ಅತಿ ಒಳ್ಳೆಯದು ಇದೇ ಅಂತ ಈಗಲೂ ಅನ್ನಿಸುತ್ತದೆ. ಚಳಿಯಲ್ಲಿ ಹೇಗಿರಬೇಕು ಅಂತ ಕಲಿಯಲು ನಗರ ಒಳ್ಳೆಯ ಜಾಗ. ಅಲ್ಲಿ ಬಟ್ಟೆ ಕಡಿಮೆ ಬಿದ್ದರೆ ಎರಡು ನಿಮಿಷ ನಡೆದು ಬೆಚ್ಚಗಿನ ಕಟ್ಟಡ ಸೇರಬಹುದು. ಕಾಡಿನಲ್ಲಿ ಆ ಅನುಕೂಲ ಇಲ್ಲ.

ನಮ್ಮ ಗುಂಪಿನಲ್ಲಿ ಅಕ್ಕ, ಭಾವ, ಅವರ ಹದಿನಾಲ್ಕು ವರ್ಷದ ಮಗಳು, ನಾನು, ನನ್ನ ಹೆಂಡತಿ ಮತ್ತು ಮೂವರು ಸ್ನೇಹಿತರಿದ್ದೆವು. ಭಾವನಿಗೆ ಮಂಡಿ ನೋವು. ಸ್ನೇಹಿತರಲ್ಲಿ ಇಬ್ಬರು ದಿನಾ ಓಡುವವರು. ಯಾರೂ ಯಾವತ್ತೂ ಸ್ಕೀ ಮುಟ್ಟಿದವರಲ್ಲ. ನಿಮ್ಮ ಗುಂಪೂ ಹೀಗೇ ಕಲಸುಮೇಲೋಗರವಾಗಿದ್ದರೆ ನಮ್ಮ ಅನುಭವ ಸ್ವಲ್ಪ ಉಪಯೋಗಕ್ಕೆ ಬರಬಹುದು.

ಯಾವಾಗ ಹೋಗಬೇಕು ಅನ್ನುವುದು ಮೊದಲ ಪ್ರಶ್ನೆ. ಡಿಸೆಂಬರ್ ಆಸೆ ಹುಟ್ಟಿಸುತ್ತದೆ, ನಿಜ. ಆದರೆ ಲ್ಯಾಪ್‌ಲ್ಯಾಂಡಿನಲ್ಲಿ ನಾವು ಹೋದ ಸಾರಿಸೆಲ್ಕಾ ಅನ್ನುವ ಊರು ಆರ್ಕ್ಟಿಕ್ ವೃತ್ತಕ್ಕಿಂತ ಎಷ್ಟೋ ಉತ್ತರಕ್ಕಿದೆ. ಅಲ್ಲಿ ಡಿಸೆಂಬರ್ ಮೊದಲ ವಾರದಿಂದ ಜನವರಿ ಎರಡನೇ ವಾರದವರೆಗೆ ಸೂರ್ಯ ಹುಟ್ಟುವುದೇ ಇಲ್ಲ. ಈ ಕಾಲಕ್ಕೆ ಅವರು ‘ಕಾಮೋಸ್’ ಅನ್ನುತ್ತಾರೆ. ಆ ನೀಲಿ ಮಬ್ಬಿಗೆ ಅದರದ್ದೇ ಚೆಲುವಿದೆ. ಆದರೆ ದಿನವಿಡೀ ಹೊರಗೆ ಓಡಾಡಬೇಕು ಅನ್ನುವವರಿಗೆ ಬೆಳಕು ಬೇಕು, ಅಲ್ವಾ? ನಾವು ಫೆಬ್ರವರಿ ಕೊನೆಯ ವಾರ ಹೋದೆವು. ಒಂಬತ್ತು ಹತ್ತು ಗಂಟೆ ಬೆಳಕು, ಮೊಣಕಾಲುದ್ದ ಹಿಮ, ಉತ್ತರದ ಬೆಳಕು (ಆಕಾಶದಲ್ಲಿ ಮೂಡುವ ಬಣ್ಣದ ಬೆಳಕು, ಅರೋರಾ) ಕಾಣುವಷ್ಟು ಕತ್ತಲ ರಾತ್ರಿ, ಮೂರೂ ಸಿಕ್ಕವು. ಒಂದೇ ತೊಂದರೆ ಅಂದರೆ ಫಿನ್‌ಲ್ಯಾಂಡಿನ ಶಾಲೆಗಳಿಗೆ ವರ್ಷದ 8, 9 ಮತ್ತು 10ನೇ ವಾರದಲ್ಲಿ, ಅಂದರೆ ಫೆಬ್ರವರಿ ಮಧ್ಯದಿಂದ ಮಾರ್ಚ್ ಮೊದಲ ಭಾಗದವರೆಗೆ, ಪ್ರದೇಶವಾರು ಸ್ಕೀ ರಜೆ ಇರುತ್ತದೆ. ಆಗ ಇಡೀ ದೇಶವೇ ಉತ್ತರಕ್ಕೆ ಹೊರಟಂತೆ ಇರುತ್ತದೆ. ಮನೆ, ರೈಲು ಎರಡನ್ನೂ ಐದಾರು ತಿಂಗಳ ಮೊದಲೇ ಕಾಯ್ದಿರಿಸಿ.

ಯೂರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ಆಗಿರುವ ಶೆಂಗನ್ ವೀಸಾಗೆ ಪ್ರಯಾಣದ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಆ ವಿಮೆಯಲ್ಲಿ ಸ್ಕೀಯಿಂಗ್, ಹಸ್ಕಿ ಸವಾರಿ (ಹಸ್ಕಿ ನಾಯಿಗಳು ಎಳೆಯುವ ಹಿಮದ ಗಾಡಿ) ಸೇರಿದೆಯೇ ಅಂತ ಓದಿ ನೋಡಿ. ನಾವು ಮೊದಲು ತೆಗೆದುಕೊಂಡಿದ್ದರಲ್ಲಿ ಸೇರಿರಲಿಲ್ಲ. ಬದಲಿಸಬೇಕಾಯಿತು.

ಇನ್ನು ಹೆಲ್ಸಿಂಕಿ. ವಿಮಾನ ನಿಲ್ದಾಣದಿಂದ ನಗರದ ಮಧ್ಯಕ್ಕೆ ರೈಲಿನಲ್ಲಿ ಅರ್ಧ ಗಂಟೆ. ಎಬಿಸಿ ವಲಯದ ಟಿಕೆಟ್ ತೆಗೆದುಕೊಳ್ಳಿ. ನಿಲ್ದಾಣ ಸಿ ವಲಯದಲ್ಲಿದೆ. ಊರೊಳಗೆ ಓಡಾಡಲು ಎಬಿ ಸಾಕು. ಅದೇ ಟಿಕೆಟ್ಟಿನಲ್ಲಿ ಟ್ರಾಮ್ ಹತ್ತಬಹುದು, ಸುವೊಮೆನ್ಲಿನ್ನಾ ದ್ವೀಪಕ್ಕೆ ಹೋಗುವ ನಗರದ ಹಡಗನ್ನೂ ಹತ್ತಬಹುದು.

ಆ ದ್ವೀಪಕ್ಕೆ ಖಂಡಿತ ಹೋಗಿ, ಅದೂ ಮೊದಲ ದಿನವೇ. ಸ್ವೀಡನ್ ಆಳ್ವಿಕೆಯ ಕಾಲದಲ್ಲಿ, 1748ರಲ್ಲಿ, ಕಟ್ಟಲು ಶುರು ಮಾಡಿದ ಸಮುದ್ರ ಕೋಟೆ ಅದು. 1991ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಮಾರುಕಟ್ಟೆ ಚೌಕದಿಂದ ಹದಿನೈದು ನಿಮಿಷದ ದಾರಿ. ಹಡಗು ಐಸ್ ಒಡೆದುಕೊಂಡು ಹೋಗುವಾಗ ಕೆಳಗಿನಿಂದ ಕರಕರ ಸದ್ದು ಬರುತ್ತದೆ. ಅಕ್ಕನ ಮಗಳು ಕಿಟಕಿ ಬಿಟ್ಟು ಕದಲಲಿಲ್ಲ. ಉಷ್ಣಾಂಶ ಬರೀ ಮೈನಸ್ 6 ಇತ್ತು. ಆದರೆ ಕೋಟೆಯ ತುದಿಯಲ್ಲಿ ಬೀಸುವ ಸಮುದ್ರದ ಗಾಳಿಗೆ ಕಣ್ಣಲ್ಲಿ ನೀರು ಬಂತು. ಗಾಳಿ ತಡೆಯದ ಜಾಕೆಟ್ ಎಷ್ಟು ದಪ್ಪಗಿದ್ದರೂ ಪ್ರಯೋಜನವಿಲ್ಲ ಅಂತ ನಮಗೆ ಅಲ್ಲೇ ಗೊತ್ತಾಯಿತು. ನಮ್ಮಲ್ಲಿ ಇಬ್ಬರು ಅದೇ ಸಂಜೆ ಗಾಳಿ ತಡೆಯುವ ಮೇಲಂಗಿ ಕೊಂಡರು. ಇದೇ ಪಾಠ ಬೆಟ್ಟದ ಮೇಲೆ ಕಲಿತಿದ್ದರೆ ತುಂಬಾ ಕಷ್ಟವಾಗುತ್ತಿತ್ತು.

ಸೆನೆಟ್ ಚೌಕದ ಬಿಳಿ ಕೆಥೆಡ್ರಲ್, ಬಂಡೆಯನ್ನೇ ಕೊರೆದು 1969ರಲ್ಲಿ ಮುಗಿಸಿದ ತೆಂಪೆಲಿಔಕಿಯೊ ಚರ್ಚ್, ಇವನ್ನು ಒಂದೇ ದಿನದಲ್ಲಿ ನಡೆದು ನೋಡಬಹುದು. ನಡುವೆ ಮೈ ಕಾಯಿಸಿಕೊಳ್ಳಲು ಓದಿ ಗ್ರಂಥಾಲಯಕ್ಕೆ ಹೋಗಿ. ಓದಿ ಅನ್ನುವುದು ಅದರ ಹೆಸರು. ಕನ್ನಡದವರ ಕಿವಿಗೆ ಅದು ಎಷ್ಟು ಚೆನ್ನಾಗಿ ಕೇಳಿಸುತ್ತದೆ! 2018ರ ಡಿಸೆಂಬರಿನಲ್ಲಿ ತೆರೆದ ಕಟ್ಟಡ. ಪ್ರವೇಶ ಉಚಿತ. ಮೇಲಿನ ಮಹಡಿಯಲ್ಲಿ ಗಾಜಿನ ಗೋಡೆ ಪಕ್ಕ ಕೂತು ಹಿಮ ಬೀಳುವುದನ್ನು ನೋಡುತ್ತಾ ಒಂದು ಗಂಟೆ ಕಳೆದೆವು. ಪಾದಚಾರಿ ದಾರಿಯಲ್ಲಿ ಮಾತ್ರ ಹುಷಾರು. ಕರಗಿ ಮತ್ತೆ ಹೆಪ್ಪುಗಟ್ಟಿದ ಐಸ್ ಗಾಜಿನಂತೆ ಜಾರುತ್ತದೆ. ಶೂ ಮೇಲೆ ಎಳೆದುಕೊಳ್ಳುವ ಮೊಳೆ ಪಟ್ಟಿ ಅಲ್ಲಿನ ಅಂಗಡಿಗಳಲ್ಲಿ ಸಿಗುತ್ತದೆ. ಭಾವ ಅದನ್ನು ಹಾಕಿಕೊಂಡ ಮೇಲೆ ಮಂಡಿಯ ಭಯ ಬಿಟ್ಟು ನಡೆದರು.

ರಾತ್ರಿ ರೈಲು ಹೆಲ್ಸಿಂಕಿಯಿಂದ ಲ್ಯಾಪ್‌ಲ್ಯಾಂಡಿನ ರೊವಾನಿಯೆಮಿ ಊರಿಗೆ ಸುಮಾರು ಹನ್ನೆರಡು ಗಂಟೆ ತೆಗೆದುಕೊಳ್ಳುತ್ತದೆ. ಇಬ್ಬರಿಗೊಂದು ಕೋಣೆ. ಮೇಲಿನ ಮಹಡಿಯ ಕೋಣೆಗಳಲ್ಲಿ ಶೌಚಾಲಯ, ಶವರ್ ಎರಡೂ ಇವೆ. ಒಂದು ರಾತ್ರಿಯ ಹೋಟೆಲ್ ಖರ್ಚು ಉಳಿಯುತ್ತದೆ. ಬೆಳಗ್ಗೆ ಎದ್ದಾಗ ಕಿಟಕಿಯಾಚೆ ಎಲ್ಲವೂ ಬೆಳ್ಳಗಾಗಿತ್ತು. ಪೈನ್ ಮರಗಳ ಮೇಲೆ ಹಿಮ, ನಡುನಡುವೆ ಒಂದೊಂದು ಮನೆಯ ದೀಪ. ಚಕ್ರದ ಸೂಟ್‌ಕೇಸ್ ತಂದವರಿಗೆ ನಿಲ್ದಾಣದ ಹೊರಗಿನ ಹಿಮದಲ್ಲಿ ಅದನ್ನು ಎಳೆಯುವುದೇ ದೊಡ್ಡ ಕೆಲಸವಾಯಿತು. ಬೆನ್ನಿಗೆ ಹಾಕುವ ಚೀಲವೇ ಮೇಲು.

ರೊವಾನಿಯೆಮಿಯಲ್ಲಿ ಅರ್ಧ ದಿನ ಮಾತ್ರ ಇದ್ದೆವು. ಸಾಂತಾಕ್ಲಾಸ್ ಹಳ್ಳಿ ಊರಿನಿಂದ ಎಂಟು ಕಿ.ಮೀ. ದೂರ. ಚಿಕ್ಕ ಮಕ್ಕಳಿದ್ದರೆ ಹೋಗಿ. ಇಲ್ಲದಿದ್ದರೆ ಆರ್ಕ್ಟಿಕುಮ್ ಮ್ಯೂಸಿಯಂಗೆ ಆ ಸಮಯ ಕೊಡಿ. 1944ರಲ್ಲಿ ಈ ಊರು ಹೇಗೆ ಸುಟ್ಟು ಬೂದಿಯಾಯಿತು ಅನ್ನುವುದು ಅಲ್ಲಿ ತಿಳಿಯುತ್ತದೆ. ಆಮೇಲೆ ಬಸ್ ಹತ್ತಿ ಸಾರಿಸೆಲ್ಕಾಗೆ ಹೋದೆವು. ಸುಮಾರು 260 ಕಿ.ಮೀ. ದಾರಿಯಲ್ಲಿ ಹಿಮಸಾರಂಗಗಳು ರಸ್ತೆ ಮಧ್ಯೆ ನಿಂತಿದ್ದರಿಂದ ಬಸ್ ಎರಡು ಸಲ ಕಾಯಬೇಕಾಯಿತು.

ಸಾರಿಸೆಲ್ಕಾದಲ್ಲಿ ಎಂಟೂ ಜನಕ್ಕೆ ಸೇರಿ ಅಡುಗೆಮನೆ ಇರುವ ಒಂದು ಮರದ ಮನೆ ಬಾಡಿಗೆಗೆ ಹಿಡಿದೆವು. ಗುಂಪಿಗೆ ಇದೇ ಸರಿ. ಮನೆಯೊಳಗೇ ಸೌನಾ, ಅಂದರೆ ಬಿಸಿ ಹಬೆಯ ಸ್ನಾನದ ಕೋಣೆ, ಇರುತ್ತದೆ. ಒದ್ದೆ ಬಟ್ಟೆ ಒಣಗಿಸುವ ಬಿಸಿ ಬೀರು ಇದೆಯೇ ಅಂತ ಕೇಳಿಯೇ ಹಿಡಿಯಿರಿ. ಎಂಟು ಜನರ ಗ್ಲೌಸ್, ಸಾಕ್ಸ್ ರಾತ್ರಿಯೊಳಗೆ ಒಣಗದಿದ್ದರೆ ಮರುದಿನದ ಕಾರ್ಯಕ್ರಮವೇ ಇಲ್ಲ. ಸಸ್ಯಾಹಾರಿಗಳಿಗೂ ಅಡುಗೆಮನೆ ಬೇಕೇ ಬೇಕು. ಅಲ್ಲಿನ ಊಟದಲ್ಲಿ ಹಿಮಸಾರಂಗದ ಮಾಂಸ, ಸಾಲ್ಮನ್ ಮೀನೇ ಜಾಸ್ತಿ. ಅಂಗಡಿಯಲ್ಲಿ ಓಟ್ಸ್, ಅನ್ನ ತುಂಬಿದ ಕರೇಲಿಯಾ ಪೈ, ಹಲ್ಲಿಗೆ ಕಿರ್ ಅನ್ನುವ ಬ್ರೆಡ್ ಚೀಸ್ ಸಿಗುತ್ತವೆ. ಮನೆಯವರು ಕೊಟ್ಟ ಒದೆಯುವ ಗಾಡಿಯಲ್ಲಿ ಭಾವ ದಿನಾ ಅಂಗಡಿಗೆ ಹೋಗಿಬಂದರು. ಒಂದು ಕುರ್ಚಿಗೆ ಎರಡು ಉದ್ದನೆಯ ಕಬ್ಬಿಣದ ಪಟ್ಟಿ ಕಟ್ಟಿದಂತಿರುತ್ತದೆ ಅದು. ಮಂಡಿಗೆ ಭಾರ ಬೀಳದೆ ಜಾರಿಕೊಂಡು ಹೋಗಬಹುದು.

ಈಗ ಬಟ್ಟೆಯ ವಿಷಯ. ಇದನ್ನು ಒತ್ತಿ ಹೇಳುತ್ತೇನೆ. ಮೈಗೆ ತಾಗುವ ಬಟ್ಟೆ ಹತ್ತಿಯದ್ದಾಗಿರಬಾರದು. ಎರಡನೇ ದಿನ ನಾವು ಸ್ನೋ ಶೂ (ಹಿಮದಲ್ಲಿ ಕಾಲು ಹೂತುಹೋಗದಂತೆ ಶೂ ಕೆಳಗೆ ಕಟ್ಟುವ ಅಗಲ ಪಟ್ಟಿ) ಕಟ್ಟಿಕೊಂಡು ಕಾಡಿನೊಳಗೆ ಹೋದೆವು. ಮೈನಸ್ 22. ಒಬ್ಬ ಸ್ನೇಹಿತ ಒಳಗೆ ಹತ್ತಿ ಬನಿಯನ್ ಹಾಕಿದ್ದ. ಏರು ಹತ್ತುವಾಗ ಚೆನ್ನಾಗಿ ಬೆವರಿದ. ನೀರು ಕುಡಿಯಲು ನಿಂತ ಹತ್ತೇ ನಿಮಿಷದಲ್ಲಿ ಹಲ್ಲು ಕಟಕಟ ಅನ್ನತೊಡಗಿತು. ಅದೃಷ್ಟಕ್ಕೆ ಹಗಲು ತಂಗುವ ಗುಡಿಸಲು ಹತ್ತಿರದಲ್ಲೇ ಇತ್ತು. ಒಲೆ ಹಚ್ಚಿ, ಬನಿಯನ್ ತೆಗೆಸಿ, ನನ್ನ ಹೆಚ್ಚುವರಿ ಉಣ್ಣೆ ಅಂಗಿ ಹಾಕಿಸಿದೆವು. ಆವತ್ತಿನಿಂದ ಪ್ರತಿ ಚೀಲದಲ್ಲೂ ಒಂದು ಒಣ ಅಂಗಿ ಇರಲೇಬೇಕು ಅಂತ ಮಾಡಿಕೊಂಡೆವು.

ಒಳಗೆ ಮೆರಿನೊ ಉಣ್ಣೆ, ಮಧ್ಯೆ ಫ್ಲೀಸ್, ಹೊರಗೆ ಗಾಳಿ ತಡೆಯುವ ಪದರ. ಬೆವರು ಬರುವ ಮುಂಚೆಯೇ ಒಂದು ಪದರ ತೆಗೆಯಿರಿ. ನಿಂತ ಕೂಡಲೇ ಮತ್ತೆ ಹಾಕಿ. ಶೂ ಒಂದು ಸೈಜ್ ದೊಡ್ಡದಿರಲಿ. ಬಿಗಿಯಾದ ಶೂನಲ್ಲಿ ಎರಡು ಸಾಕ್ಸ್ ತುರುಕಿದರೆ ಕಾಲು ಇನ್ನೂ ಬೇಗ ತಣ್ಣಗಾಗುತ್ತದೆ. ಫೋನನ್ನು ಒಳ ಜೇಬಿನಲ್ಲಿ, ಮೈ ಶಾಖಕ್ಕೆ ಇಡಿ. ಹೊರಗಿಟ್ಟರೆ ಅರ್ಧ ಚಾರ್ಜ್ ಇದ್ದರೂ ದಿಢೀರ್ ಆಫ್ ಆಗುತ್ತದೆ. ‘112 ಸುವೊಮಿ’ ಆ್ಯಪ್ ಹಾಕಿಕೊಳ್ಳಿ. ತುರ್ತು ಕರೆ ಮಾಡಿದಾಗ ನೀವಿರುವ ಜಾಗ ಅವರಿಗೆ ಗೊತ್ತಾಗುತ್ತದೆ.

ಒಬ್ಬರ ಮುಖ ಇನ್ನೊಬ್ಬರು ನೋಡುತ್ತಿರಬೇಕು. ಅಕ್ಕನ ಮಗಳ ಕೆನ್ನೆಯ ಮೇಲೆ ರೂಪಾಯಿ ನಾಣ್ಯದಷ್ಟು ಬಿಳಿ ಮಚ್ಚೆ ಮೂಡಿತ್ತು. ಅವಳಿಗೆ ನೋವೇ ಇರಲಿಲ್ಲ, ಹಾಗಾಗಿ ಗೊತ್ತೂ ಆಗಿರಲಿಲ್ಲ. ಚರ್ಮ ಹೆಪ್ಪುಗಟ್ಟಲು ಶುರುವಾಗುವ ಗುರುತು ಅದು. ಅಕ್ಕ ಗ್ಲೌಸ್ ತೆಗೆದು ಬೆಚ್ಚಗಿನ ಅಂಗೈ ಒತ್ತಿ ಹಿಡಿದಳು. ಸ್ವಲ್ಪ ಹೊತ್ತಿಗೆ ಬಣ್ಣ ಬಂತು. ಉಜ್ಜಬೇಡಿ. ಹಿಮವನ್ನಂತೂ ಹಚ್ಚಲೇಬೇಡಿ.

ಈ ಊರಿನ ಪಕ್ಕದಲ್ಲೇ ಉರ್ಹೋ ಕೆಕ್ಕೊನೆನ್ ರಾಷ್ಟ್ರೀಯ ಉದ್ಯಾನ ಶುರುವಾಗುತ್ತದೆ. 1983ರಲ್ಲಿ ಆದದ್ದು. ವಿಸ್ತೀರ್ಣ 2,500 ಚದರ ಕಿ.ಮೀ.ಗಿಂತ ಜಾಸ್ತಿ. ಒಳಗೆ ಹೋಗಲು ಟಿಕೆಟ್ ಇಲ್ಲ. ಸುತ್ತಮುತ್ತ ಸುಮಾರು 200 ಕಿ.ಮೀ. ಸ್ಕೀ ದಾರಿಗಳಿವೆ. ಮೊದಲ ದಿನ ಎರಡು ಗಂಟೆ ಪಾಠ ಹೇಳಿಸಿಕೊಂಡದ್ದು ಬಹಳ ಒಳ್ಳೆಯದಾಯಿತು. ಹೇಗೆ ಬೀಳಬೇಕು, ಬಿದ್ದ ಮೇಲೆ ಹೇಗೆ ಏಳಬೇಕು ಅನ್ನುವುದೇ ಮೊದಲ ಪಾಠ. ಸ್ಕೀ ಗೆರೆಗಳ ಮೇಲೆ ನಡೆಯಬಾರದು. ಕಾಲಿಟ್ಟರೆ ಗುಂಡಿ ಬಿದ್ದು ಹಿಂದೆ ಬರುವವರು ಮುಗ್ಗರಿಸುತ್ತಾರೆ. ನಡೆಯುವವರಿಗೆ ಬೇರೆ ದಾರಿ ಇದೆ.

ಗುಂಪಿನಲ್ಲಿ ಹೋಗುವವರು ಒಂದು ಮಾತು ಮೊದಲೇ ಆಡಿಕೊಳ್ಳಿ. ಒಬ್ಬರು ಸಾಕು ಅಂದರೆ ಎಲ್ಲರೂ ವಾಪಸ್. ಯಾಕೆ, ಏನು ಅಂತ ಕೇಳುವುದಿಲ್ಲ. ಇದಕ್ಕೆ ಪರೀಕ್ಷೆ ಬಂದದ್ದು ಕೀಲೊಪಾ ಬೆಟ್ಟದಲ್ಲಿ. ಎತ್ತರ 546 ಮೀಟರ್ ಅಷ್ಟೇ. ಆದರೆ ಮರಗಳ ಸಾಲು ದಾಟಿದ ಮೇಲೆ ಪೂರಾ ಬಯಲು. ಅರ್ಧ ದಾರಿಯಲ್ಲಿ ಗಾಳಿ ಎದ್ದಿತು. ಆಕಾಶ, ನೆಲ ಎರಡೂ ಒಂದೇ ಬಿಳುಪು. ದಾರಿ ತೋರಿಸುವ ಕಂಬಗಳಲ್ಲಿ ಮುಂದಿನದು ಕಾಣಿಸುತ್ತಿರಲಿಲ್ಲ. ನನ್ನ ಹೆಂಡತಿ ಸಾಕು ಅಂದಳು. ಓಡುವ ಸ್ನೇಹಿತರಿಬ್ಬರ ಮುಖ ಸಪ್ಪಗಾಯಿತು, ಆದರೂ ಮಾತಾಡದೆ ತಿರುಗಿದರು. ಎರಡು ದಿನ ಬಿಟ್ಟು ಆಕಾಶ ತಿಳಿಯಾದಾಗ ಅವರಿಬ್ಬರೂ ಮತ್ತೆ ಹೋಗಿ ತುದಿ ಮುಟ್ಟಿ ಬಂದರು. ಕಾರ್ಯಕ್ರಮದಲ್ಲಿ ಎರಡು ಅರ್ಧ ದಿನ ಖಾಲಿ ಬಿಟ್ಟಿದ್ದರಿಂದ ಇದು ಸಾಧ್ಯವಾಯಿತು. ಪ್ರತಿ ಗಂಟೆಗೂ ಏನಾದರೂ ಕಾಯ್ದಿರಿಸಿದರೆ ಹವಾಮಾನ ಕೆಟ್ಟಾಗ ದುಡ್ಡಿನ ಮುಖ ನೋಡಿ ಹೊರಡುವ ಹಾಗಾಗುತ್ತದೆ.

ಅದೇ ಬೆಟ್ಟದ ಬುಡದಲ್ಲಿ ಹೊಗೆ ಸೌನಾ ಇದೆ. ಚಿಮಣಿ ಇರುವುದಿಲ್ಲ. ಗಂಟೆಗಟ್ಟಲೆ ಸೌದೆ ಉರಿಸಿ, ಹೊಗೆ ಹೊರಗೆ ಹೋದ ಮೇಲೆ ಜನ ಒಳಗೆ ಹೋಗುತ್ತಾರೆ. ಶಾಖ ಮೃದುವಾಗಿರುತ್ತದೆ, ಗೋಡೆ ಪೂರ್ತಿ ಮಸಿ. ಪಕ್ಕದ ತೊರೆಯಲ್ಲಿ ಐಸ್ ನೀರಿನಲ್ಲಿ ಮುಳುಗಿ ಬಂದ ಅಕ್ಕ ಅವತ್ತು ರಾತ್ರಿ ಮಗುವಿನ ಹಾಗೆ ನಿದ್ದೆ ಮಾಡಿದಳು. ದಿನಾ ಬಿಸಿ ಮಾಡುವುದಿಲ್ಲ, ಯಾವ ದಿನ ಅಂತ ಕೇಳಿಕೊಂಡು ಹೋಗಿ. ಹೃದಯದ ತೊಂದರೆ, ಬಿಪಿ ಇರುವವರು ತಣ್ಣೀರಿಗೆ ಇಳಿಯಬೇಡಿ.

ಹಸ್ಕಿ ಸವಾರಿಗೆ ಒಬ್ಬರಿಗೆ ನೂರು ಯೂರೋಗಿಂತ ಜಾಸ್ತಿಯಾಗುತ್ತದೆ. ನಮಗೆ ಅದು ದುಬಾರಿ ಅನ್ನಿಸಲಿಲ್ಲ. ಹೊರಡುವ ಮುಂಚೆ ನಾಯಿಗಳ ಬೊಗಳಾಟಕ್ಕೆ ಕಿವಿ ತೂತಾಗುತ್ತದೆ. ಬ್ರೇಕ್ ಬಿಟ್ಟ ಮರುಕ್ಷಣ ಪೂರ್ತಿ ಮೌನ. ಹಿಮದ ಮೇಲೆ ಗಾಡಿ ಜಾರುವ ಸದ್ದು ಮಾತ್ರ. ಒಂದು ಗಾಡಿಗೆ ಇಬ್ಬರು, ಒಬ್ಬರು ಓಡಿಸುತ್ತಾರೆ, ಒಬ್ಬರು ಕೂರುತ್ತಾರೆ. ಕೂತವರಿಗೇ ಚಳಿ ಜಾಸ್ತಿ. ಅವರಿಗೆ ಇನ್ನೊಂದು ಪದರ ಹಾಕಿಸಿ. ಬಿದ್ದರೂ ಹಿಡಿ ಬಿಡಬಾರದು. ನಾಯಿಗಳು ನಿಮಗಾಗಿ ನಿಲ್ಲುವುದಿಲ್ಲ. ಹಿಮದ ಮೇಲೆ ಓಡುವ ಮೋಟಾರು ಗಾಡಿ, ಸ್ನೋಮೊಬೈಲ್, ನಾವು ಬೇಡ ಅಂದುಕೊಂಡೆವು. ಅಷ್ಟು ದೂರ ಮೌನ ಹುಡುಕಿಕೊಂಡು ಹೋಗಿ ಇಂಜಿನ್ ಸದ್ದು ಕೇಳಲು ಮನಸ್ಸಾಗಲಿಲ್ಲ. ಬೇಕು ಅನ್ನುವವರು ಡ್ರೈವಿಂಗ್ ಲೈಸೆನ್ಸ್ ಒಯ್ಯಿರಿ.

ಉತ್ತರದ ಬೆಳಕು ಐದು ರಾತ್ರಿಗಳಲ್ಲಿ ಎರಡು ರಾತ್ರಿ ಕಂಡಿತು. ಫಿನ್ನಿಶ್‌ನಲ್ಲಿ ಅದಕ್ಕೆ ‘ರೆವೊನ್ತುಲೆತ್’, ನರಿಯ ಬೆಂಕಿ ಅನ್ನುತ್ತಾರೆ. ಮೊದಲು ಬೂದು ಮೋಡದ ಗೆರೆಯ ಹಾಗೆ ಇತ್ತು. ಕ್ಯಾಮೆರಾದಲ್ಲಿ ನೋಡಿದಾಗ ಹಸಿರು. ಎರಡನೇ ರಾತ್ರಿ ಬರಿಗಣ್ಣಿಗೇ ಹಸಿರು ಪರದೆ ಅಲ್ಲಾಡಿತು. ಸುಮ್ನೆ ಮಲಗಿ ಅಲಾರಂ ನಂಬಬೇಡಿ. ಆಕಾಶ ತಿಳಿಯಾಗಿದ್ದರೆ ಪಾಳಿ ಹಾಕಿಕೊಂಡು ಗಂಟೆಗೊಬ್ಬರು ಹೊರಗೆ ನೋಡಿ. ಎಂಟು ಜನರಿದ್ದಾಗ ಇದು ಸುಲಭ. ಕ್ಯಾಮೆರಾವನ್ನು ಒಳಗೆ ತರುವ ಮುಂಚೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ. ಇಲ್ಲದಿದ್ದರೆ ಲೆನ್ಸ್ ಮೇಲೆಲ್ಲ ನೀರು ಕಟ್ಟುತ್ತದೆ.

ಒಂದು ದಿನ ಇನಾರಿ ಊರಿಗೆ ಹೋಗಿ ‘ಸೀದಾ’ ಅನ್ನುವ ಹೆಸರಿನ ಮ್ಯೂಸಿಯಂ ನೋಡಿದೆವು. ಸಾರಿಸೆಲ್ಕಾದಿಂದ ಸುಮಾರು 70 ಕಿ.ಮೀ. ಇದು ಈ ಉತ್ತರ ಭಾಗದ ಮೂಲನಿವಾಸಿಗಳಾದ ಸಾಮಿ ಜನರ ಊರು. ಫಿನ್‌ಲ್ಯಾಂಡಿನಲ್ಲಿ ಮೂರು ಸಾಮಿ ಭಾಷೆಗಳಿವೆ ಅಂತ ತಿಳಿದದ್ದು ಅಲ್ಲಿ. ಕಾಡಿನಲ್ಲಿ ಕಾಣುವ ಹಿಮಸಾರಂಗಗಳಿಗೆಲ್ಲ ಒಡೆಯರಿದ್ದಾರೆ. ಅವನ್ನು ಅಟ್ಟಿಸಿಕೊಂಡು ಹೋಗಿ ಫೋಟೋ ತೆಗೆಯಬೇಡಿ.

ಕೊನೆಯ ದಿನ ರುಮಕುರು ಕಣಿವೆಯ ಗುಡಿಸಲಿಗೆ ಹೋದೆವು. ಹೋಗಿ ಬರಲು ಅರ್ಧ ದಿನ. ಒಲೆ ಇತ್ತು, ಪಕ್ಕದ ಕೊಟ್ಟಿಗೆಯಲ್ಲಿ ಸೌದೆ, ಕೊಡಲಿ ಇದ್ದವು. ಎಲ್ಲ ಉಚಿತ. ಫ್ಲಾಸ್ಕಿನ ಚಹಾ ಕುಡಿಯುತ್ತಿದ್ದಾಗ ಬೂದು ಮೈಯ, ಕಂದು ಬಾಲದ ಕೂಕ್ಕೆಲಿ ಹಕ್ಕಿ ಬಾಗಿಲ ಹತ್ತಿರ ಬಂದು ಕೂತಿತು. ಹೊರಡುವ ಮುಂಚೆ ಭಾವ ಸೌದೆ ಸೀಳಿದರು. ಅಕ್ಕನ ಮಗಳು ಅದನ್ನು ಒಲೆ ಪಕ್ಕ ಜೋಡಿಸಿಟ್ಟಳು. ನಾವು ಬಂದಾಗ ಯಾರೋ ನಮಗಾಗಿ ಹಾಗೇ ಇಟ್ಟು ಹೋಗಿದ್ದರು. ನೀವೂ ಹೊರಡುವಾಗ ಒಂದು ಹೊರೆ ಒಣ ಸೌದೆ ಒಳಗಿಟ್ಟು, ಬೆಂಕಿ ಪೂರ್ತಿ ಆರಿದೆಯೇ ನೋಡಿ, ಬಾಗಿಲು ಭದ್ರವಾಗಿ ಹಾಕಿ ಬನ್ನಿ.